ಮೌನಮ್ಮನ ಐದು ಹೊಲಿಗೆ

ದೇವಾಪುರದ ಮೌನಮ್ಮ ಎರಡು ದಿನ ಬ್ಯಾನಿ ತಿಂದಳು. ಕೂಸು ಬರಲಿಲ್ಲ. ಸೂಲಗಿತ್ತಿ ಗೊಲ್ಲಾಳಮ್ಮನೇ ಬಂಡಿ ಕಟ್ಟಿಸಿ ಸುರಪುರದ ದವಾಖಾನೆಗೆ ಒಯ್ದಳು. ನಿಜಾಮನ ಆಳ್ವಿಕೆ ಹೋಗಿ ಮೂರು ವರ್ಷವಾಗಿತ್ತು. ಡಾಕ್ಟರಮ್ಮ ಬಂದದ್ದು ಆ ವರ್ಷವೇ. ಆಕೆ ಕೂಸು ಬರುವ ದಾರಿಯನ್ನು ಕತ್ತರಿಯಿಂದ ಒಂದಿಷ್ಟು ಕೊಯ್ದು ಅಗಲ ಮಾಡಿದಳು. ಹೆಣ್ಣು ಕೂಸು ಅಳುತ್ತಲೇ ಬಂತು. ಆಮೇಲೆ ಐದು ಹೊಲಿಗೆ ಹಾಕಿ, ಹದಿನೈದು ದಿನದೊಳಗೆ ಕುಕ್ಕುರುಗಾಲಲ್ಲಿ ಕೂತರೆ ಹರಿದಾವು ಎಂದು ಹೇಳಿ ಕಳಿಸಿದಳು.

ಮೌನಮ್ಮ ಕೂಲಿಗೆ ಹೋಗುವ ಗೌಡರ ಶೇಂಗಾ ಹೊಲದಲ್ಲಿ ಕಸ ತೆಗೆಯುವುದೇ ಕುಕ್ಕುರುಗಾಲಲ್ಲಿ. ಏಳನೇ ದಿನ, ಕೂಲಿಯವರನ್ನು ನೋಡಿಕೊಳ್ಳುವ ಗೌಡರ ಮುಕಾದಮ ಭಾಗಣ್ಣ ಬಾಗಿಲಿಗೆ ಬಂದ. ನಾಳೆ ಬರದಿದ್ದರೆ ಹೊಲದಲ್ಲಿ ನಿನ್ನ ಸಾಲು ಬೇರೆಯವಳಿಗೆ, ಸುಗ್ಗಿಗೂ ಕರೆಯುವುದಿಲ್ಲ ಎಂದ. ಸುಗ್ಗಿಯ ಜೋಳವೇ ಆಕೆಯ ವರ್ಷದ ರೊಟ್ಟಿ. ಮರುದಿನ ಮೌನಮ್ಮ ಕೂಸನ್ನು ಎತ್ತಿಕೊಂಡು ಹೊಲಕ್ಕೆ ಹೋದಳು.

ಇಪ್ಪತ್ತು ಹೆಂಗಸರು ಕೂತರು. ಆಕೆ ನಿಂತಳು.

“ಕುಂದ್ರು,” ಎಂದ ಭಾಗಣ್ಣ.

“ಹೊಲಿಗಿ ಅದಾವರಿ, ಯಣ್ಣಾ.”

“ಎಲ್ಲ್ಯದಾವ? ಕೈಕಾಲು ನೆಟ್ಟಗದಾವಲ್ಲ. ತೋರ್ಸು, ನೋಡ್ತೀನಿ.”

ಮೌನಮ್ಮ ತಲೆ ತಗ್ಗಿಸಿದಳು. ಕೂಲಿಗೆ ಬಂದಿದ್ದ ಗೊಲ್ಲಾಳಮ್ಮ ಸಾಲಿನ ನಡುವಿಂದ ಸೊಂಟ ಹಿಡಿದು ಎದ್ದಳು.

“ನಾ ಹೇಳ್ತೀನಿ ತಮ್ಮಾ. ನೀ ಹುಟ್ಟಿದಾಗ ಹಿಡಿದಾಕಿ ನಾನೇ. ಆಗೂ ನಿನ್ನ ತಲಿ ಹಿಂಗೇ ದಪ್ಪ ಇತ್ತು. ನಿಮ್ಮವ್ವಗ ಹರೀತು, ಹೊಲ್ಯಾಕ ಯಾರೂ ಇರಲಿಲ್ಲ. ಎಲ್ಲಿ ಹರೀತಂತ ಮನಿಗಿ ಹೋಗಿ ಆಕಿನ್ನ ಕೇಳು. ಈಕಿ ಹೊಲಿಗಿನೂ ಅಲ್ಲೇ ಅದಾವ.”

ಸಾಲೆಲ್ಲ ಸೆರಗು ಬಾಯಿಗಿಟ್ಟುಕೊಂಡಿತು. ಸೂಗಮ್ಮ ಕಸ ಕೀಳುವ ಕುರ್ಪಿ ಕೆಳಗಿಟ್ಟು ಎದ್ದು, ನನಗೂ ಹೊಲಿಗಿ ಅದಾವ ಎಂದಳು. ಆಕೆಗೆ ಇನ್ನೂ ಮದುವೆಯೇ ಆಗಿರಲಿಲ್ಲ. ಅರವತ್ತು ದಾಟಿದ ಹಣಮಂತಮ್ಮ, ನನ್ನವು ಹಳೇವು ಎಂದು ಎದ್ದಳು. ನೋಡನೋಡುತ್ತ ಎಲ್ಲರೂ ಎದ್ದರು.

ಅಷ್ಟರಲ್ಲಿ ಗೌಡ ಕೊಡೆ ಹಿಡಿದು ಬಂದ. ಕೆಲಸ ಯಾಕೆ ನಿಂತಿದೆ ಎಂದು ಕೇಳಿದ.

“ಹೊಲಿಗಿ ಅಂತರಿ,” ಎಂದ ಭಾಗಣ್ಣ.

“ಎಲ್ಲಿ?”

ಭಾಗಣ್ಣ ಬೇವಿನ ಮರ ನೋಡಿದ. ತನ್ನ ಚಪ್ಪಲಿ ನೋಡಿದ. ಹೇಳಪ್ಪ, ನಾಚಬ್ಯಾಡ ಎಂದು ಗೊಲ್ಲಾಳಮ್ಮ ಮಗುವನ್ನು ರಮಿಸಿದಂತೆ ರಮಿಸಿದಳು. ಗೌಡನಿಗೆ ಅರ್ಥವಾಯಿತು. ಮುಖ ತಿರುವಿ, ಮೌನಮ್ಮ ಮನೆಗೆ ಹೋಗಲಿ, ಸಾಲು ಆಕೆಯದೇ ಎಂದ.

ಎಲ್ಲರೂ ಕೂತರು. ಗೊಲ್ಲಾಳಮ್ಮ ಒಬ್ಬಳೇ ಕೂರಲಿಲ್ಲ.

“ನಿನಗೇನಾಗೇದ?” ಗೌಡ ಕೇಳಿದ.

“ಈ ಸಾಲಿನ ಸಾಯಬಮ್ಮಗ ಎಂಟು ತಿಂಗಳರಿ. ಆಕಿ ಹಿಂದ ಇನ್ನೂ ಮೂರು ಮಂದಿ ಬಸುರದಾರ. ಯಾರು ಹಡೆದ್ರೂ ಸಾಲು ಹಡೆದಾಕೀದೇ ಅಂತ ಹೇಳ್ರಿ. ಆಮ್ಯಾಲ ಕುಂದರ್ತೀನಿ.”

ಗೌಡ ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿದ. ಸೂಗಮ್ಮ ಮತ್ತೆ ಎದ್ದಳು. ಅವಳ ಹಿಂದೆ ಸಾಲೇ ಎದ್ದಿತು.

ಬದುವಿನವರೆಗೆ ಹೋಗಿದ್ದ ಮೌನಮ್ಮ ಕೂಸಿನ ಸಮೇತ ತಿರುಗಿ ಬಂದು, ಮೆಲ್ಲಗೆ, ಅವರ ಸಾಲಿನಲ್ಲಿ ನಿಂತಳು.