ಕೆಂಪು ದಾರದ ಮೀನು

ನಾನು ಬಟ್ಟೆ ಗೊಂಬೆ ಮಾಡುವ ಕಾರ್ಖಾನೆಯಲ್ಲಿ ಸಮುದ್ರದ ಪ್ರಾಣಿಗಳನ್ನು ಹೊಲಿಯುತ್ತೇನೆ. ಏಡಿ, ಆಮೆ, ಆಕ್ಟೋಪಸ್, ಮೀನು. ಹತ್ತಿ ತುಂಬಿ ಹೊಟ್ಟೆ ಮುಚ್ಚಿದ ಮೇಲೆ ಅವು ಮೂಲೆಯ ಮೇಜಿಗೆ ಹೋಗುತ್ತವೆ. ಅಲ್ಲಿ ಕೂತಿರುವ ಹೆಂಗಸನ್ನು ನಾವೆಲ್ಲ ಚೆಕಿಂಗ್ ಅತ್ತೆ ಅನ್ನುತ್ತೇವೆ. ಕಾಲು ಕಡಿಮೆಯಾದದ್ದಾಗಲಿ, ಕಣ್ಣು ಓರೆಯಾದದ್ದಾಗಲಿ ಅವರಿಂದ ತಪ್ಪಿಸಿಕೊಳ್ಳುವುದಿಲ್ಲ. ಅಂಥದಕ್ಕೆ ಕೆಂಪು ದಾರ ಕಟ್ಟಿ ಬುಟ್ಟಿಗೆ ಎಸೆಯುತ್ತಾರೆ. ಅದನ್ನು ಹೊಲಿದವರು ಬೇಕಾದರೆ ಮನೆಗೆ ಒಯ್ಯಬಹುದು.

"ಇದೇನಯ್ಯ, ಆರು ಕಾಲಿನ ಆಕ್ಟೋಪಸ್ಸು? ಉಳಿದೆರಡು ನೀನೇ ಹಾಕ್ಕೊಂಡ್ಯಾ?"

"ಮಗಳಿಗೆ ಕೊಡ್ತೀನಿ ಬಿಡಿ ಅತ್ತೆ."

"ಹೆತ್ತವರಿಗೆ ಹೆಗ್ಗಣ ಮುದ್ದು. ತಗೊಂಡ್ಹೋಗು."

ಮನೆಯ ಮೆಟ್ಟಿಲ ಬಳಿ ನಿಂತು ಆ ದಾರವನ್ನು ಕತ್ತರಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಮಗುವಿಗೆ ಕೊಡುವ ಗೊಂಬೆಯ ಮೇಲೆ ಬೇಡವೆಂದು ಎಸೆದ ಗುರುತು ಯಾಕಿರಬೇಕು ಅನ್ನಿಸುತ್ತಿತ್ತು. ಹೀಗೆ ಚೋಟುವಿನ ಹಾಸಿಗೆಯ ಸುತ್ತ ಒಂದು ಸಮುದ್ರವೇ ಬೆಳೆಯಿತು. ಚೋಟು ನನ್ನ ಮಗಳು. ವಯಸ್ಸಿಗೆ ಕುಳ್ಳಿ, ಮಾತಿಗಲ್ಲ.

ನಮ್ಮ ಬೀದಿಯ ಲೈಬ್ರರಿಯಲ್ಲಿ ಶನಿವಾರ ಮಕ್ಕಳು ಚಿತ್ರ ಬಿಡಿಸುತ್ತಾರೆ. ಒಂದು ವಾರ ಡ್ರಾಯಿಂಗ್ ಮಿಸ್ಸು ಗೋಡೆಗೆ ಎರಡು ಉದ್ದನೆಯ ನೀಲಿ ಹಾಳೆ ಅಂಟಿಸಿದ್ದರು. ಒಂದು ನಿಜವಾದ ಸಮುದ್ರ, ಇನ್ನೊಂದು ಕಲ್ಪನೆಯ ಸಮುದ್ರ. ಚೋಟು ಮನೆಯ ಗೊಂಬೆಗಳನ್ನು ನೆನಪಿನಿಂದಲೇ ಬಿಡಿಸಿ ನಿಜವಾದ ಸಮುದ್ರಕ್ಕೆ ಅಂಟಿಸಿದಳಂತೆ. ಆರು ಕಾಲಿನ ಆಕ್ಟೋಪಸ್. ಒಂದೇ ಇಕ್ಕಳದ ಏಡಿ. ಎರಡೂ ಕಣ್ಣು ಒಂದೇ ಪಕ್ಕದಲ್ಲಿರುವ ಮೀನು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರಂತೆ.

ಮನೆಗೆ ಬಂದವಳು ಗೊಂಬೆಗಳನ್ನು ಗೋಡೆಗೆ ಮುಖಮಾಡಿ ಕೂರಿಸಿದಳು. "ಇವೆಲ್ಲ ಸುಳ್ಳು ಪ್ರಾಣಿ. ನಾನಿನ್ನು ಏನೂ ಬಿಡಿಸಲ್ಲ" ಎಂದಳು. ಕ್ರೇಯಾನಿನ ಡಬ್ಬಿ ಮಂಚದ ಕೆಳಗೆ ಹೋಯಿತು.

ಅದುವರೆಗೆ ನಮ್ಮ ಮನೆಯಲ್ಲಿ ಅವಳ ಚಿತ್ರವಿಲ್ಲದ ಜಾಗವಿರಲಿಲ್ಲ. ಫ್ರಿಜ್ಜಿನ ಬಾಗಿಲನ್ನೂ ಬಿಟ್ಟವಳಲ್ಲ. ಈಗ ಆ ಕೈ ಮಡಿಲಲ್ಲಿ ಸುಮ್ಮನಿತ್ತು. ನನಗೆ ಊಟ ಸೇರಲಿಲ್ಲ. ಇಷ್ಟಕ್ಕೇ ಹೀಗೇಕೆ ಎಂದು ನನಗೇ ಅನ್ನಿಸಿತು, ಆದರೂ ಸೇರಲಿಲ್ಲ.

"ಮಗು ನಾಲ್ಕು ದಿನ ಗೀಚದಿದ್ರೆ ಆಕಾಶ ಕಳಚಿ ಬೀಳಲ್ಲ," ಎಂದಳು ಹೆಂಡತಿ. "ಆದ್ರೆ ಅವಳಿಗೆ ನಿಜ ಹೇಳ್ಬಿಡಿ. ನೀವು ಮುಖ ಹುಳ್ಳಗೆ ಮಾಡ್ಕೊಂಡು ತಿರುಗೋದನ್ನ ನನ್ ಕೈಲಿ ನೋಡಕ್ಕಾಗಲ್ಲ."

ಶುಕ್ರವಾರ ಸಂಜೆ ಚೋಟುವಿನ ಪಕ್ಕ ಕೂತು ಎಲ್ಲ ಹೇಳಿದೆ. ಚೆಕಿಂಗ್ ಅತ್ತೆ, ಬುಟ್ಟಿ, ಕೆಂಪು ದಾರ. ಜೇಬಿನ ಮೂಲೆಯಲ್ಲಿ ಒಂದು ತುಂಡು ಸಿಕ್ಕಿತು, ಅದನ್ನೂ ತೋರಿಸಿದೆ.

"ಆಕ್ಟೋಪಸ್ಸಿಗೆ ಯಾಕೆ ಆರೇ ಕಾಲು?"

"ಅವತ್ತು ನಿಂಗೆ ಜ್ವರ. ಮನಸ್ಸೆಲ್ಲ ಮನೇಲಿತ್ತು, ಎಣಿಕೆ ತಪ್ಪಿತು."

"ಏಡಿ?"

"ಆಗ ನಿಂಗೆ ಹಲ್ಲು ಬರ್ತಿತ್ತು. ನಂಗೆ ನಿದ್ದೆ ಇರ್ಲಿಲ್ಲ."

"ಮೀನು?"

"ಅದಕ್ಕೆ ಕಾರಣ ಇಲ್ಲಮ್ಮ. ಸುಮ್ಮನೆ ತಪ್ಪಿದೆ."

"ಮತ್ತೆ ದಾರ ಯಾಕೆ ಕತ್ತರಿಸ್ದೆ?"

"ನೀನು ನೋಡಿ ಬೇಜಾರು ಮಾಡ್ಕೋತೀಯ ಅಂತ."

ಅವಳು ಎದ್ದು ಗೋಡೆಯ ಬಳಿ ಹೋದಳು. ಮೀನೊಂದನ್ನು ಮಾತ್ರ ನಮ್ಮ ಕಡೆ ತಿರುಗಿಸಿದಳು.

ಮರುದಿನ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಜೊತೆ ಲೈಬ್ರರಿಗೆ ಬಂದಳು. ಮಿಸ್ಸಿನ ಮುಂದೆ ಹಿಡಿದು, "ನಾನು ಸುಳ್ಳು ಬಿಡಿಸಿಲ್ಲ. ಇದನ್ನ ನೋಡೇ ಬಿಡಿಸಿದ್ದು. ಅಪ್ಪ ತಪ್ಪಾಗಿ ಹೊಲಿದಿದಾರೆ" ಎಂದಳು. ನಾನು ನೆಲ ನೋಡುತ್ತ ನಿಂತೆ.

ಮಿಸ್ಸು ಮೀನನ್ನು ತಿರುಗಿಸಿ ನೋಡಿದರು. ಕಪಾಟಿನಿಂದ ಒಂದು ದಪ್ಪ ಪುಸ್ತಕ ತಂದು ಪುಟ ಹುಡುಕಿದರು. ಮರಳಿನ ಮೇಲೆ ಚಪ್ಪಟೆಯಾಗಿ ಮಲಗಿದ ಮೀನಿನ ಫೋಟೊ. ಎರಡೂ ಕಣ್ಣು ಒಂದೇ ಪಕ್ಕ.

"ಮರಿಯಾಗಿದ್ದಾಗ ಎಲ್ಲ ಮೀನಿನ ಹಾಗೇ ಇರತ್ತೆ. ಬೆಳೀತಾ ಬೆಳೀತಾ ಒಂದು ಕಣ್ಣು ಈ ಕಡೆಗೆ ಬಂದ್ಬಿಡತ್ತೆ. ಹೋದ ವಾರವೇ ಹೇಳ್ಬೇಕಿತ್ತು ಪುಟ್ಟ. ನಗೋರನ್ನ ಸುಮ್ಮನಿರಿಸೋದ್ರಲ್ಲೇ ನಂಗೆ ಸಾಕಾಯ್ತು."

"ಆರು ಕಾಲಿನ ಆಕ್ಟೋಪಸ್ಸು?"

"ಅದು ಆ ಕಡೆ ಹಾಳೆಗೆ. ಅಲ್ಲೂ ಜಾಗ ಬೇಕಾದಷ್ಟಿದೆ."

ಚೋಟು ಫೋಟೊ ನೋಡಿದಳು, ಗೊಂಬೆ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ಸಮುದ್ರದಲ್ಲಿ ಚೆಕಿಂಗ್ ಅತ್ತೆ ಇಲ್ವಾ ಅಪ್ಪ?"

"ಇದ್ದಂಗಿಲ್ಲ."

ಅವಳು ಯೋಚಿಸಿ ಕೈ ಚಾಚಿದಳು. "ಡಬ್ಬಿ ತಂದಿದೀಯಾ?"

ತಂದಿದ್ದೆ. ಅವಳಿಂದ ಬೈಸಿಕೊಳ್ಳಬೇಕಾದೀತೆಂದು ಅಂಗಿಯ ಒಳಗೆ ಅಡಗಿಸಿಟ್ಟುಕೊಂಡಿದ್ದೆ.

ಅವಳು ನೆಲದ ಮೇಲೆ ಬೋರಲಾಗಿ ಮಲಗಿ, ನಾಲಿಗೆ ಹೊರಚಾಚಿ, ಆ ಮೀನನ್ನೇ ಬಿಡಿಸಿದಳು. ಕಣ್ಣು ಎರಡೂ ಒಂದೇ ಪಕ್ಕ, ಮೈತುಂಬ ಚುಕ್ಕಿ. ಎಲ್ಲ ಮುಗಿದ ಮೇಲೆ ಕೆಂಪು ಕ್ರೇಯಾನ್ ಹುಡುಕಿ ಈಜುರೆಕ್ಕೆಗೆ ಒಂದು ಗೆರೆ ಕಟ್ಟಿದಳು.

"ಇದೇನು?" ಎಂದರು ಮಿಸ್ಸು.

"ಕೆಂಪು ದಾರ."

"ನಿಜವಾದ ಮೀನಿಗೆ ಇರಲ್ವಲ್ಲ. ಅಳಿಸೋಣ್ವಾ?"

"ಬೇಡ, ಇರ್ಲಿ," ಎಂದಳು ಚೋಟು, ತಲೆ ಎತ್ತದೆ. "ಮನೆಗೆ ತಗೊಂಡ್ಹೋಗೋವಾಗ ಅಪ್ಪ ಕತ್ತರಿಸ್ತಾರೆ."