ಅದಲುಬದಲಾದ ತೋಳು

ಒಂದೂರಿನಲ್ಲಿ ಒಬ್ಬ ರಾಜ. ಅವನ ತೋಟದಲ್ಲಿ ಸಾಯುವವರನ್ನು ಬದುಕಿಸುವ ಒಂದು ಗಿಡದ ಬೇರಿತ್ತು. ಒಗಟು ಬಿಡಿಸಿದವರಿಗೆ ತೋಟದ ಕೀಲಿಕೈ ಎಂದು ಡಂಗುರ ಹೊಡೆಸಿದ. ಬಂದವರ ತೋಳು ಕೊಡವಿ, ಜೇಬು ತಡವಿ, ಕಿವಿಯೊಳಗೂ ಇಣುಕಿ ಕಾವಲಿನವರು ಒಳಗೆ ಬಿಟ್ಟರು. ಅಷ್ಟರಲ್ಲಿ ಒಗಟೇ ಅರಮನೆಯ ಹಿಂಬಾಗಿಲು ದಾಟಿ, ಪೇಟೆ ಸುತ್ತಿ, ಕೈಯಿಂದ ಕೈಗೆ ಮಾರಾಟವಾಗಿ ಹೋಗಿತ್ತು.

"ಆಮೇಲೆ?" ಎಂದೆ ನಾನು. ಅಜ್ಜಿಯ ಕಥೆಗೆ ಹೂಂಗುಡುವುದು ಚಿಕ್ಕಂದಿನಿಂದಲೂ ನನ್ನ ಕೆಲಸ.

"ಆಮೇಲಿಂದು ತೋಳು ಸಿಕ್ಕಿ ಹಚ್ಚಿದ ಮೇಲೆ," ಎಂದಳು ಅಜ್ಜಿ, ಯಾರದೋ ರವಿಕೆಯ ದಾರವನ್ನು ಹಲ್ಲಿನಿಂದ ಕಡಿಯುತ್ತ.

ತೋಳು ನನ್ನ ತಂಗಿಯ ಅಂಗಿಯದು. ಅವಳಿಗೆ ಹೆದರಿಕೆಯಾದರೆ ಚಳಿಯಾಗುತ್ತದೆ. ಉರಿಬಿಸಿಲಿನಲ್ಲೂ ಬೆರಳು ಮಂಜುಗಡ್ಡೆ. ಅಜ್ಜಿ ಅವಳಿಗಿಟ್ಟ ಹೆಸರೇ ಚಳಿರಾಣಿ. ಮೆಡಿಕಲ್ ಪ್ರವೇಶ ಪರೀಕ್ಷೆಗೆಂದು ಮಣಿಕಟ್ಟಿನವರೆಗೆ ತೋಳಿರುವ ನೀಲಿ ಅಂಗಿಯನ್ನು ಅಜ್ಜಿಯೇ ಹೊಲಿದುಕೊಟ್ಟಿದ್ದಳು. ಪರೀಕ್ಷಾ ಕೇಂದ್ರದ ಗೇಟಿನಲ್ಲಿದ್ದ ಹೆಂಗಸು "ಉದ್ದ ತೋಳು ನಡೆಯಲ್ಲ, ಚೀಟಿ ಅಡಗಿಸ್ತಾರೆ" ಎನ್ನುತ್ತ ಕತ್ತರಿ ಎತ್ತಿದಳಂತೆ. ಮೊಣಕೈ ಮೇಲೆ ಕಚಕ್, ಕಚಕ್. ತುಂಡುಗಳು ಬುಟ್ಟಿಗೆ ಬಿದ್ದವು. ಪರೀಕ್ಷೆ ಮುಗಿದ ನೂಕುನುಗ್ಗಲಿನಲ್ಲಿ ತಂಗಿ ಬುಟ್ಟಿಯಿಂದ ಎರಡು ನೀಲಿ ತೋಳು ಎತ್ತಿಕೊಂಡು ಬಂದಳು. ಮನೆಯಲ್ಲಿ ನೋಡಿದರೆ ಒಂದು ಅವಳದು. ಇನ್ನೊಂದು ಬಿಳಿ ಚುಕ್ಕಿಯದು, ಯಾರದೋ.

"ಹೋಗ್ಲಿ ಬಿಡೇ. ನಿನ್ನದು ಸಿಕ್ಕಿದ ದಿನ ಎರಡೂ ಹಚ್ಚಿಕೊಡ್ತೀನಿ. ಮಾತು ತಪ್ಪಿದ್ರೆ ನನ್ನ ಮೆಷೀನು ತುಕ್ಕು ಹಿಡೀಲಿ," ಎಂದಳು ಅಜ್ಜಿ.

ಫಲಿತಾಂಶ ಬಂತು. ಸೀಟು ಸಿಗುವಷ್ಟು ಅಂಕ. ಆಸ್ಪತ್ರೆಯಲ್ಲಿ ನರ್ಸಾಗಿರುವ ಅಮ್ಮ ಪಾಳಿ ಮುಗಿಸಿ ಬಂದವಳು ಸುದ್ದಿ ಕೇಳಿ, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಅತ್ತಳು. ಆ ಖುಷಿ ಆರುವ ಮೊದಲೇ ಇನ್ನೊಂದು ಸುದ್ದಿ: ಪ್ರಶ್ನೆಪತ್ರಿಕೆ ಮೊದಲೇ ಹೊರಬಿದ್ದಿತ್ತು. ಅದನ್ನು ಕೊಂಡವರು ಹೆಚ್ಚು ಮಂದಿ ಬರೆದದ್ದು ತಂಗಿಯ ಕೇಂದ್ರದಲ್ಲೇ. ಮರುಪರೀಕ್ಷೆ ಬೇಕೆಂದು ಕೆಲವರು ಕೋರ್ಟಿಗೆ ಹೋದರು. ಬೇಡವೆಂದು ಇನ್ನು ಕೆಲವರು ಹೋದರು. ಬೇಡ ಎಂದವರಲ್ಲಿ ತಂಗಿಯೂ ಒಬ್ಬಳು.

ಅಲ್ಲಿಂದ ಮನೆಯಲ್ಲಿ ಯಾರಿಗೂ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ವಿಚಾರಣೆ ಇವತ್ತು ಎಂದರೆ ಮುಂದಿನ ವಾರ. ಮುಂದಿನ ವಾರ ಎಂದರೆ ವಕೀಲರಿಗೆ ಜ್ವರ. ತಂಗಿ ಪುಸ್ತಕ ತೆರೆಯುವಳು, "ಮತ್ತೆ ಓದಿದ್ರೆ ಸೋತೆ ಅಂತ ಒಪ್ಪಿಕೊಂಡ ಹಾಗೆ" ಎಂದು ಮುಚ್ಚುವಳು. ಮುಚ್ಚಿದ ಮರುಗಳಿಗೆ "ಅಕ್ಕಾ, ಎಲ್ಲಾ ಮರೆತುಹೋಗ್ತಿದೆ ಕಣೇ" ಎಂದು ತೆರೆಯುವಳು. ನಾನು ಅನ್ನಕ್ಕಿಟ್ಟು, ಆ ರಾಜನ ತೋಟದಲ್ಲಿ ಅಲೆಯುತ್ತ ತಳ ಹಿಡಿಸುವೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಕೇಳಿದಳು: "ನಿಮ್ಮ ಹುಡುಗಿಗೆ ಪೇಪರ್ರು ಎಷ್ಟಕ್ಕೆ ಸಿಕ್ತು?"

"ಎರಡು ವರ್ಷದ ನಿದ್ದೆಗೆ," ಎಂದಳು ಅಜ್ಜಿ. "ನಿಮಗೂ ಬೇಕಿತ್ತಾ?"

ತೀರ್ಪಿನ ದಿನ ಅಜ್ಜಿ ಹಟ ಹಿಡಿದು ನಮ್ಮ ಜೊತೆ ಹೊರಟಳು. ಚೀಲದಲ್ಲಿ ಎರಡೂ ತೋಳು, ಸೂಜಿ, ದಾರ. ಕೋರ್ಟಿನ ಬಾಗಿಲಲ್ಲಿ ಪೊಲೀಸಿನವನು ಅವಳ ಪುಟ್ಟ ಕತ್ತರಿಯನ್ನು ತೆಗೆದಿಟ್ಟುಕೊಂಡ.

"ಒಳ್ಳೇದಪ್ಪಾ. ಹಿಂಬಾಗಿಲಿಗೂ ಒಬ್ಬರನ್ನ ನಿಲ್ಸಿದ್ದೀರಾ?" ಎಂದಳು ಅಜ್ಜಿ. ನಗಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ.

ಉದ್ದನೆಯ ಪಡಸಾಲೆ. ಒಂದು ಗೋಡೆಗೆ ಮರುಪರೀಕ್ಷೆ ಬೇಕೆನ್ನುವವರು, ಎದುರು ಗೋಡೆಗೆ ಬೇಡವೆನ್ನುವವರು. ನಡುವೆ ಕರಿ ಕೋಟುಗಳ ಓಡಾಟ. ತಂಗಿ ತಟ್ಟನೆ ನನ್ನ ಕೈ ಚಿವುಟಿದಳು.

"ಅಕ್ಕಾ, ನನ್ನ ತೋಳು!"

ಎದುರು ಬೆಂಚಿನಲ್ಲಿ ಒಬ್ಬಳು ಒಂಟಿಯಾಗಿ ಕೂತಿದ್ದಳು. ಚುಕ್ಕಿಯ ನೀಲಿ ಅಂಗಿ. ಒಂದು ಕೈಗೆ ಚುಕ್ಕಿಯ ತೋಳು, ಇನ್ನೊಂದಕ್ಕೆ ನಮ್ಮ ಬರೀ ನೀಲಿ. ದಪ್ಪ ದಪ್ಪ ಹೊಲಿಗೆ, ಕಾಗೆ ಕಾಲಿನ ಹಾಗೆ.

ಅಜ್ಜಿ ಗೋಡೆ ಬದಲಿಸಿ ಅವಳ ಪಕ್ಕ ಹೋಗಿ ಕೂತೇಬಿಟ್ಟಳು. "ಯಾರಮ್ಮಾ ಹೊಲಿದಿದ್ದು?"

"ನಾನೇ ಅಜ್ಜಿ. ಇರೋದು ಒಂದೇ ಒಳ್ಳೆ ಅಂಗಿ. ಮೋಟು ತೋಳಲ್ಲಿ ಕೋರ್ಟಿಗೆ ಬರೋದಾ? ಬುಟ್ಟಿಯಲ್ಲಿ ಸಿಕ್ಕಿದ್ದನ್ನ ಹಚ್ಚಿಕೊಂಡೆ."

"ನೀನು ಡಾಕ್ಟರಾದ್ರೆ ಹೊಲಿಗೆ ಹಾಕೋ ಕೆಲಸ ಬೇರೆಯವರಿಗೆ ಕೊಡು ತಾಯಿ."

ಹುಡುಗಿ ನಕ್ಕಳು. ತಂಗಿ ನಗಲಿಲ್ಲ. "ಅವಳು ಆ ಕಡೆಯವಳು ಅಜ್ಜಿ!"

ಅಷ್ಟರಲ್ಲಿ ನಮ್ಮ ಕೇಸು ಕೂಗಿದರು. ಒಳಗೆ ನ್ಯಾಯಾಧೀಶರು ಓದಿದ್ದು ಫ್ಯಾನಿನ ಸದ್ದಿಗೆ ಅರ್ಧವೂ ಕೇಳಿಸಲಿಲ್ಲ. ಹೊರಗೆ ಬಂದ ಮೇಲೆ ನಮ್ಮ ವಕೀಲರು ಬಿಡಿಸಿ ಹೇಳಿದರು: ಇಡೀ ಪರೀಕ್ಷೆ ರದ್ದಾಗಿಲ್ಲ. ಆ ಒಂದು ಕೇಂದ್ರದವರು ಮಾತ್ರ ಮತ್ತೆ ಬರೆಯಬೇಕು. ಬಂದಿದ್ದ ಅಂಕ ಲೆಕ್ಕಕ್ಕಿಲ್ಲ.

ತಂಗಿಯ ಮುಖ ಸುಣ್ಣವಾಯಿತು. ನೇರ ಆ ಹುಡುಗಿಯ ಮುಂದೆ ನಿಂತಳು. "ಸಮಾಧಾನ ಆಯ್ತಾ? ನನ್ನ ಸೀಟು ಹೋಯ್ತು, ನಿನ್ನಿಂದ."

"ನನ್ನಿಂದಲ್ಲ. ಪೇಪರ್ ಮಾರಿದವನಿಂದ." ಎಂದಳು ಹುಡುಗಿ. "ನಾನೂ ಕದ್ದು ಬರೆದಿಲ್ಲ. ಕೊಂಡವರು ಮುಂದೆ ಹೋದ್ರು, ನಾನು ಕೂದಲೆಳೆಯಲ್ಲಿ ಹಿಂದೆ ಬಿದ್ದೆ. ಬೇಕು ಬೇಕು ಅಂತ ಕೇಳಿದ್ದೇನೋ ಸಿಕ್ತು. ಈಗ ಮೊದಲಿಗಿಂತ ಕಮ್ಮಿ ಬಂದ್ರೆ?"

ತಂಗಿ ಅವಳ ಕೈ ನೋಡಿದಳು. ನಮ್ಮ ನೀಲಿ ತೋಳಿನ ತುದಿಯನ್ನು ಆ ಹುಡುಗಿ ಬೆರಳಿನ ಮೇಲಕ್ಕೆ ಎಳೆದೆಳೆದು ಮುದುರುತ್ತಿದ್ದಳು. ಚಳಿಯಾದಾಗ ನಮ್ಮ ಚಳಿರಾಣಿ ಮಾಡುವುದೂ ಅದೇ.

"ಜಗಳ ಮನೆಗೆ ಬಂದು ಮುಂದುವರಿಸಿ," ಎಂದಳು ಅಜ್ಜಿ. "ಮೊದಲು ಆ ಹೊಲಿಗೆ ಬಿಚ್ಚಬೇಕು. ನೋಡಿದ್ರೆ ಕಣ್ಣು ಉರಿಯತ್ತೆ."

ಮನೆಯಲ್ಲಿ ಹುಡುಗಿ ನನ್ನ ಅಂಗಿ ತೊಟ್ಟು ನೆಲದ ಮೇಲೆ ಕೂತಳು. ಅಜ್ಜಿ ಕಾಗೆ ಕಾಲಿನ ಹೊಲಿಗೆಯನ್ನೆಲ್ಲ ಬಿಚ್ಚಿದಳು. ಕತ್ತರಿ ಬಿದ್ದ ಮೇಲೆ ಮೊದಲ ಬಾರಿಗೆ ನಾಲ್ಕೂ ತೋಳು ತಂತಮ್ಮ ಅಂಗಿಯ ಪಕ್ಕ ಬಂದವು.

"ಹಚ್ಚಬೇಡ ಅಜ್ಜಿ," ಎಂದಳು ತಂಗಿ, ಕಿಟಕಿಗೂ ಬಾಗಿಲಿಗೂ ಅಡ್ಡಾಡುತ್ತ. "ಮತ್ತೆ ಅದೇ ಗೇಟು, ಅದೇ ಕತ್ತರಿ. ಮತ್ತೆ ಕತ್ತರಿಸ್ತಾರೆ."

ಅಜ್ಜಿ ಪಾದವನ್ನು ಮೆಷೀನಿನಿಂದ ತೆಗೆದಳು. ಆಮೇಲೆ ಕಪಾಟಿನ ಬಿಸ್ಕತ್ತಿನ ಡಬ್ಬಿ ಇಳಿಸಿ ಮಡಿಲಲ್ಲಿ ಸುರಿದುಕೊಂಡಳು. ದಾರದುಂಡೆ, ಕೊಕ್ಕೆಗಳ ನಡುವೆ ಒತ್ತಿದರೆ ಕೂಡುವ, ಎಳೆದರೆ ಬಿಡುವ ಟಿಚ್ ಬಟನ್‌ಗಳು.

"ಕತ್ತರಿಸೋಕೆ ಏನಾದ್ರೂ ಇದ್ರೆ ತಾನೇ? ಗೇಟಿನ ಹತ್ರ ನೀವೇ ಕಳಚಿ ನನ್ನ ಕೈಗೆ ಕೊಡಿ. ಅವರ ಬುಟ್ಟಿಗಲ್ಲ. ನಾನು ಹೊರಗೆ ಕೂತಿರ್ತೀನಿ. ಬಂದು ತೊಟ್ಟುಕೊಳ್ಳಿ."

ತಂಗಿಯ ಅಡ್ಡಾಟ ನಿಂತಿತು.

"ಆಮೇಲೆ ಆ ರಾಜ?" ಎಂದೆ ನಾನು.

"ಬಾಯಲ್ಲಿ ಗುಂಡುಸೂಜಿ ಇದೆ, ಮಾತಾಡಿಸ್ಬೇಡ."

ಕತ್ತರಿಸಿದ ಅಂಚು ಮಡಚಿ, ಸುತ್ತ ಬಟನ್ ಹಚ್ಚುತ್ತ ಹೋದಳು ಅಜ್ಜಿ. ಚುಕ್ಕಿಯದು ಮುಗಿದು ನೀಲಿ ಶುರುವಾಗುವ ಹೊತ್ತಿಗೆ ತಂಗಿ ಗೋಡೆಗೊರಗಿ ಪುಸ್ತಕ ತೆರೆದಿದ್ದಳು. ಆ ಹುಡುಗಿ ಬಗ್ಗಿ ಅದೇ ಪುಟ ಓದುತ್ತಿದ್ದಳು. "ತಿರುಗಿಸ್ಲಾ?" ಎಂದಳು ತಂಗಿ, ಇನ್ನೂ ಸಿಟ್ಟಿನಲ್ಲೇ. "ತಡಿ, ಕೆಳಗಿನ ಸಾಲು," ಎಂದಳು ಅವಳು.

ಕೊನೆಗೆ ತಂಗಿ ಅಂಗಿ ತೊಟ್ಟು ಬಂದು, ಒಂದೊಂದೇ ಬಟನ್ ಒತ್ತಿಕೊಂಡಳು. ತೋಳಿನ ಹಿಂದಿನದೊಂದು ಅವಳ ಬೆರಳಿಗೆ ಎಟುಕಲಿಲ್ಲ. ಚುಕ್ಕಿಯವಳು ಎದ್ದು ಬಂದು ಒತ್ತಿದಳು. ಟಿಚ್.