ಪೆಟ್ಟಿಗೆಯೊಳಗಿನ ಎಲ್ಫ್

ಕಳೆದ ಕ್ರಿಸ್‌ಮಸ್‌ನಲ್ಲಿ ಆಟಿಕೆ ಅಂಗಡಿಯವರು ಪ್ಯಾಕಿಂಗ್ ವಿಭಾಗದ ಹೆಂಗಸನ್ನು ಉಡುಗೊರೆ ಪೆಟ್ಟಿಗೆಯಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕಿದರು. ಅವಳು ಎಚ್ಚರ ತಪ್ಪುವವರೆಗೂ ತೆಗೆಯಲಿಲ್ಲ.

ಅವಳು ಮೂರಡಿ ಎತ್ತರದವಳು. ವರ್ಷವಿಡೀ ಆಟಿಕೆಗಳಿಗೆ ಬಣ್ಣದ ಕಾಗದ ಸುತ್ತುವ ಕೆಲಸ. ಕ್ರಿಸ್‌ಮಸ್ ಬಂತೆಂದರೆ ಹಸಿರು ಅಂಗಿ, ಚೂಪು ಟೋಪಿ, ರಬ್ಬರ್ ಕಿವಿ ತೊಟ್ಟು ಸಾಂತಾ ಕ್ಲಾಸನ ಕುಳ್ಳ ಸಹಾಯಕ ಎಲ್ಫ್ ಆಗಬೇಕು. ಅವಳು ಪೆಟ್ಟಿಗೆಯಲ್ಲಿ ಮುದುರಿ ಕೂರುವುದು, ಸಾಂತಾ ವೇಷದ ವ್ಯಾನ್ ಡ್ರೈವರ್ ಗಂಟೆ ಬಾರಿಸಿ ಚಿಲಕ ತೆಗೆಯುವುದು, ಅವಳು ಚಿಮ್ಮಿ ಮೇಲೇಳುವುದು, ಇಷ್ಟೇ ಆಟ. ಕಳೆದ ಸಲ, ಚಿಲಕ ತೆಗೆಯಲು ಸನ್ನೆ ಮಾಡಬೇಕಿದ್ದ ಮಾಲೀಕರ ಭಾಷಣ ಮುಗಿಯಲೇ ಇಲ್ಲ. ಉಸಿರು ಕಟ್ಟಿ ಅವಳು ಒಳಗಿನಿಂದ ಬಡಿದಳು. ಅದೂ ಆಟವೆಂದುಕೊಂಡ ಜನ ಬಡಿತಕ್ಕೆ ತಾಳ ಹಾಕಿದಂತೆ ಚಪ್ಪಾಳೆ ತಟ್ಟಿದರು. ಅವಳು ಜೋರಾಗಿ ಬಡಿದಷ್ಟೂ ಅವರು ಜೋರಾಗಿ ತಟ್ಟಿದರು.

ಆಮೇಲೆ ಅವಳು ಲಿಫ್ಟ್ ಹತ್ತಲಿಲ್ಲ. ಮನೆಯಲ್ಲಿ ಬಚ್ಚಲ ಬಾಗಿಲು ಮುಚ್ಚಿಕೊಳ್ಳದಂತೆ ಬಕೆಟ್ ಅಡ್ಡ ಇಟ್ಟು ಸ್ನಾನ ಮಾಡುತ್ತಿದ್ದಳು. ಹೊರಗೆ ಅಕ್ಕ ಏನಾದರೊಂದು ಮಾತಾಡುತ್ತ ಕೂತಿರಬೇಕಿತ್ತು. ಈಚೆಗೆ ಬಕೆಟ್ ಇಲ್ಲದೆಯೂ ಬಾಗಿಲು ಮುಚ್ಚಿಕೊಳ್ಳುವಷ್ಟಾಗಿದ್ದಳು. ಅಕ್ಕ ಮಾತ್ರ ಮಾತು ನಿಲ್ಲಿಸುವಂತಿರಲಿಲ್ಲ.

"ಏನೇ ಗಿಡ್ಡಿ, ಲಿಫ್ಟಿನ ಗುಂಡಿ ಕೈಗೆ ಎಟುಕಲ್ಲ ಅಂತ ಮೆಟ್ಲು ಹತ್ತುತೀಯಾ?" ಎಂದು ಕ್ಯಾಶಿಯರ್ ಕಿಚಾಯಿಸುತ್ತಿದ್ದ.

"ಎಟುಕುತ್ತೆ. ನಿನ್ನ ಕಂಕುಳ ವಾಸ್ನೆನೂ ನೇರ ಮೂಗಿಗೇ ಎಟುಕುತ್ತೆ, ಅದಕ್ಕೇ."

ಈ ವರ್ಷ ಕ್ರಿಸ್‌ಮಸ್ ಹತ್ತಿರ ಬಂದಾಗ ಒಂದು ಬೆಳಿಗ್ಗೆ, ಅಂಗಡಿ ತೆರೆಯುವ ಮುಂಚೆ, ಮ್ಯಾನೇಜರ್ ಆಟದ ಅಭ್ಯಾಸಕ್ಕೆ ಎಲ್ಲರನ್ನೂ ಕೆಳಗೆ ಕರೆಸಿದ. ಪೆಟ್ಟಿಗೆಗೆ ಹೊಸ ಬಣ್ಣ ಬಳಿದಿದ್ದರು.

"ಈ ಸಲಾನೂ ಅದೇ ಆಟ. ಆ ಬಡಿಯೋದಿತ್ತಲ್ಲ, ಅದು ಹಾಗೇ ಬರಬೇಕು. ಜನ ಈಗ್ಲೂ ಅದನ್ನೇ ಕೇಳ್ತಾರೆ."

"ಅದು ಆಟ ಅಲ್ಲ ಸರ್. ನಂಗೆ ಉಸಿರು ಕಟ್ಟಿತ್ತು."

"ಗೊತ್ತಮ್ಮ. ಅದಕ್ಕೇ ಅಷ್ಟು ಚೆನ್ನಾಗಿ ಬಂತು."

"ಚಿಲಕ ಬೇಡ ಸರ್. ಬರೀ ಮುಚ್ಚಳ ಸಾಕು."

"ಮುಚ್ಚಳ ಅಲ್ಲಾಡಿದ್ರೆ ಗುಟ್ಟು ಉಳಿಯುತ್ತಾ? ಮಕ್ಕಳು ನಗ್ತಾರೆ, ಅದ್ರಲ್ಲಿ ಕೆಟ್ಟದ್ದೇನಿದೆ? ನಿನ್ನಂಥೋರನ್ನ ಬೇರೆ ಕಡೆ ಬಾಗಿಲೊಳಗೂ ಬಿಡಲ್ಲ. ನಾವು ಅನ್ನ ಹಾಕ್ತಿದೀವಿ. ಕಾಗದ ಸುತ್ತೋಕೆ ಯಾರು ಬೇಕಾದ್ರೂ ಸಿಗ್ತಾರೆ. ನಿನ್ನ ಇಟ್ಕೊಂಡಿರೋದು ಈ ಮೈಗೆ."

ಡ್ರೈವರ್ ಹತ್ತಿಯ ಗಡ್ಡವನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತ ಪಿಸುಗುಟ್ಟಿದ. "ಹೆದರಬೇಡ ತಂಗೀ, ನಾನಿದೀನಲ್ಲ."

"ಹೋದ ವರ್ಷಾನೂ ನೀನಿದ್ದೆಯಲ್ಲಣ್ಣ."

"ಸಾಹೇಬ್ರು ಸನ್ನೆ ಮಾಡ್ದೆ ಹೇಗಮ್ಮ ತೆಗೀಲಿ?"

"ನಾನು ಬಡಿದಿದ್ದು ನಿಜ ಅಂತ ನಿಂಗೆ ಗೊತ್ತಾಗಿತ್ತಾ?"

ಅವನು ಗಡ್ಡ ಸರಿಪಡಿಸಿಕೊಂಡ. ಅದು ಸರಿಯಾಗಿಯೇ ಇತ್ತು.

"ಗೊತ್ತಾಗಿತ್ತು," ಎಂದ.

ಈ ಕೆಲಸ ಹೋದರೆ ಬೇರೆ ದಾರಿ ಕಾಣದೆ ಅವಳು ವೇಷ ತೊಟ್ಟು ಪೆಟ್ಟಿಗೆಯೊಳಗೆ ಕೂತಳು. ಮುಚ್ಚಳ ಬಿತ್ತು, ಚಿಲಕ ಬಿತ್ತು. ಹೊಸ ಬಣ್ಣದ ಘಾಟು ಗಂಟಲಿಗೆ ಇಳಿಯಿತು. ಅಕ್ಕನ ಹಾಗೆ ಏನಾದರೂ ಮಾತಾಡಿಕೊಳ್ಳೋಣವೆಂದರೆ ಬಾಯಿಂದ ಮಾತೇ ಹೊರಡಲಿಲ್ಲ. ಕೈ ತಾನಾಗಿ ಹಲಗೆಯನ್ನು ಬಡಿಯಿತು.

ಹೊರಗೆ ಮೊದಲು ಚಪ್ಪಾಳೆ ತಟ್ಟಿದವನು ಕ್ಯಾಶಿಯರ್. ಉಳಿದವರು ಕೂಡಿಕೊಂಡರು. ದಿನವೂ ಅವಳ ಜೊತೆ ಕೂತು ಉಣ್ಣುತ್ತಿದ್ದವರು.

ಡ್ರೈವರ್ ಮ್ಯಾನೇಜರನ ಸನ್ನೆಗೆ ಕಾಯದೆ ಚಿಲಕ ಕಿತ್ತ. ಅವಳು ಎದ್ದು ನಿಂತು ಏದುಸಿರು ಬಿಟ್ಟಳು. ಒಂದು ರಬ್ಬರ್ ಕಿವಿ ಕಳಚಿ ಕೆನ್ನೆಗೆ ಅಂಟಿತ್ತು.

"ಯಾರು ತೆಗಿ ಅಂದಿದ್ದು?" ಮ್ಯಾನೇಜರ್ ರೇಗಿದ. ಅವಳ ಕಡೆ ತಿರುಗಿ, "ಶುರು ಚೆನ್ನಾಗಿತ್ತು. ಇನ್ನೂ ಸ್ವಲ್ಪ ತಡ್ಕೋಬೇಕು. ಕೂತ್ಕೋ, ಇನ್ನೊಂದ್ಸಲ."

"ಕೂರಲ್ಲ ಸರ್."

"ಹಾಗಾದ್ರೆ ಹೊರಡು."

"ಹೊರಡೋದೂ ಇಲ್ಲ." ಅವಳು ಪೆಟ್ಟಿಗೆಯ ಅಂಚು ಹಿಡಿದು ಇಳಿದಳು. "ಮೇಲೆ ನನ್ನ ಮೇಜಿದೆ. ಪ್ಯಾಕಿಂಗ್ ರಾಶಿ ಬಿದ್ದಿದೆ."

ಮ್ಯಾನೇಜರ್ ನಕ್ಕ. ಕೆಲವರು ಅವನೊಡನೆ ನಕ್ಕರು. ಅವನು ಡ್ರೈವರನಿಗೆ ಬೆರಳು ಮಾಡಿದ.

"ಎತ್ತಿ ಬೀದಿಗೆ ಬಿಡು ಇವಳನ್ನ. ಏನು ಮಹಾ ಭಾರ? ಗೊಂಬೆ ಎತ್ತಿದ ಹಾಗೆ ಎತ್ತಬಹುದು."

ಅವಳು ಆಗಲೇ ಮೆಟ್ಟಿಲ ಕಡೆ ನಡೆದಿದ್ದಳು. ಡ್ರೈವರ್ ಗಡ್ಡ ಬಿಚ್ಚಿ ಮ್ಯಾನೇಜರನ ಕೈಗಿಟ್ಟ.

"ಎತ್ತಲ್ಲ ಸರ್."